ಬಾಯಿ ಹೂಂ ಅಂದರೂ ಕವಚ ಉಹೂಂ ಅನ್ನಲಿ
ಓದುಗರ ಪ್ರಶ್ನೋತ್ತರ: ಧ್ವನಿನಾಟಕ

ಕಾದಾಟವೇ ಬೇಡವೆನ್ನುವ ಸರದಾರನೊಬ್ಬನನ್ನು ಬಲವಂತವಾಗಿ ಸಾಹಸಯಾತ್ರೆಗೆ ಅಟ್ಟುವ ಹಾಸ್ಯ ಧ್ವನಿನಾಟಕ ಮಾಡಹೊರಟವರ ಪ್ರಶ್ನೆಗಳೇ ಈ ಸಲ ಹೆಚ್ಚು. ಒಂದೇ ಬಗೆಯವನ್ನು ಒಟ್ಟು ಸೇರಿಸಿ ಉತ್ತರಿಸಿದೆ.

ಪ್ರಶ್ನೆ: ಎಂಟು ಕಂತು ಬರೆದಿದ್ದೇನೆ. ನಾಯಕ ಮೊದಲ ದೃಶ್ಯದಿಂದಲೇ ‘ನಾನು ಹೋಗುವುದಿಲ್ಲ’ ಎನ್ನುತ್ತಾನೆ. ಎರಡನೇ ಕಂತು ಓದುವ ಹೊತ್ತಿಗೆ ಕೇಳುತ್ತಿದ್ದವರು ಆಕಳಿಸಿದರು. ಎಲ್ಲಿ ಎಡವಿದ್ದೇನೆ?

ಉತ್ತರ: ‘ಒಲ್ಲೆ’ ಎನ್ನುವುದು ಮಾತಾಯಿತೇ ಹೊರತು ನಡೆಯಾಗಲಿಲ್ಲ. ಕೇಳುಗನಿಗೆ ಅವನ ಮೋರೆ ಕಾಣುವುದಿಲ್ಲ. ಹಿಂಜರಿಕೆ ಅವನು ಮಾಡುವ ಕೆಲಸದಲ್ಲೇ ಕೇಳಿಸಬೇಕು. ಪ್ರತಿ ದೃಶ್ಯಕ್ಕೂ ತಪ್ಪಿಸಿಕೊಳ್ಳುವ ಒಂದು ಉಪಾಯ ಕೊಡಿ, ಆ ಉಪಾಯ ಫಲಿಸಿಯೇ ಅವನನ್ನು ಇನ್ನಷ್ಟು ಸಿಕ್ಕಿಸಲಿ. ಕುದುರೆ ಕುಂಟುತ್ತಿದೆ ಎಂದು ಸುಳ್ಳು ಹೇಳಿದ. ರಾಜ ಮರುಗಿ ತನ್ನ ಲಾಯದ ಅತಿ ವೇಗದ ಕುದುರೆಯನ್ನೇ ಕೊಟ್ಟ. ಅಂಟುಜಾಡ್ಯ ಬಂದಂತೆ ನರಳಿದ. ದಾರಿಯವರೆಲ್ಲ ಹೆದರಿ ಪಕ್ಕಕ್ಕೆ ಸರಿದರು, ಐದು ದಿನದ ಹಾದಿ ಮೂರೇ ದಿನದಲ್ಲಿ ಸವೆಯಿತು. ಉಪಾಯ ಸೋತರೆ ಕತೆ ನಿಂತಲ್ಲೇ ನಿಲ್ಲುತ್ತದೆ. ಗೆದ್ದು ಕೆಟ್ಟರೆ ಮುಂದಕ್ಕೆ ಹೋಗುತ್ತದೆ.

‘ಅಷ್ಟು ಬೇಡವಾಗಿದ್ದರೆ ಮನೆಗೆ ಹೋಗಲಿ ಬಿಡಿ’ ಎಂಬ ಯೋಚನೆ ಕೇಳುಗನಿಗೆ ಬಂದೇ ಬರುತ್ತದೆ. ಮೊದಲ ಐದು ನಿಮಿಷದೊಳಗೆ ಆ ಬಾಗಿಲಿಗೆ ಅಗಳಿ ಹಾಕಿ. ಅದಕ್ಕೆ ಬೇಕಾದ ಸರಕು ಇಂಗ್ಲೆಂಡಿನ ಇತಿಹಾಸದಲ್ಲಿ ಧಾರಾಳವಾಗಿದೆ. ಅಲ್ಲಿ ಯುದ್ಧಕ್ಕೆ ಹೋಗಲು ಮನಸ್ಸಿಲ್ಲದ ನೈಟ್ (ಕವಚ ತೊಟ್ಟು ಕುದುರೆಯೇರಿ ಕಾದುವ ಸರದಾರ) ಬದಲಿಗೆ ಹಣ ಕಟ್ಟಬಹುದಿತ್ತು; ಆ ತೆರಿಗೆಯ ಹೆಸರು ಸ್ಕ್ಯೂಟೇಜ್, ಅಂದರೆ ಗುರಾಣಿ ಹಣ. ರಾಜ ಇದನ್ನು ಮನಬಂದಂತೆ ಎತ್ತಬಾರದೆಂದು 1215ರ ಮ್ಯಾಗ್ನಾ ಕಾರ್ಟಾದ 12ನೇ ಕಲಮೇ ಹೇಳುತ್ತದೆ. ಇನ್ನೂ ತಮಾಷೆಯ ಸಂಗತಿ ಎಂದರೆ, 13ನೇ ಶತಮಾನದಿಂದ ಅಲ್ಲಿನ ರಾಜರು ಇಂತಿಷ್ಟು ಆದಾಯದ ಭೂಮಿ ಇದ್ದವರು ನೈಟ್ ಆಗಲೇಬೇಕು, ಇಲ್ಲವೇ ದಂಡ ತೆರಬೇಕು ಎಂದು ಕಟ್ಟುಮಾಡಿದರು. ಕುದುರೆ, ಕವಚ, ಊಳಿಗದವರ ಖರ್ಚಿಗೆ ಹೆದರಿ ಎಷ್ಟೋ ಜನ ಪದವಿಯಿಂದಲೇ ತಲೆಮರೆಸಿಕೊಳ್ಳುತ್ತಿದ್ದರು. ಕಾದಾಟದ ಕಾಲ ಮುಗಿದ ಮೇಲೂ ಒಂದನೇ ಚಾರ್ಲ್ಸ್ 1630ರಲ್ಲಿ ಇದೇ ಹಳೆಯ ಕಾನೂನನ್ನು ಅಟ್ಟದಿಂದ ಇಳಿಸಿ ವರ್ಷಕ್ಕೆ 40 ಪೌಂಡ್ ಆದಾಯದ ಭೂಮಿ ಇದ್ದವರಿಂದ ದಂಡ ಎತ್ತಿದ; 1641ರಲ್ಲಿ ಪಾರ್ಲಿಮೆಂಟ್ ಅದನ್ನು ತೆಗೆದುಹಾಕಿತು. ಹಾಗಾಗಿ ನಿಮ್ಮ ನಾಯಕನನ್ನು ಬರೀ ಪುಕ್ಕಲ ಮಾಡಬೇಕಿಲ್ಲ. ದಂಡ ಕಟ್ಟಲು ದುಡ್ಡಿಲ್ಲದ ಲೆಕ್ಕಾಚಾರದ ಮನುಷ್ಯನಾದರೆ ಅವನ ಹಿಂಜರಿಕೆಗೆ ಮರ್ಯಾದೆ ಬರುತ್ತದೆ, ನಗುವೂ ಹೆಚ್ಚುತ್ತದೆ.

ಒಡೆಯನಿಗೆ ಸಲ್ಲಿಸಬೇಕಿದ್ದ ಸೇವೆ ವರ್ಷಕ್ಕೆ 40 ದಿನ ಎಂಬುದು ರೂಢಿಯಾಗಿತ್ತು. ಎಂಟು ಕಂತಿಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಸಿಗದು. ಪ್ರತಿ ಕಂತೂ ಅವನು ದಿನ ಎಣಿಸುವುದರಿಂದ ಶುರುವಾಗಲಿ, 40ನೇ ಸಂಜೆ ಸರಿಯಾಗಿ ಡ್ರ್ಯಾಗನ್ನಿನ ಗುಹೆಯ ಬಾಯಿಗೆ ಬಂದು ನಿಲ್ಲಲಿ.

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನೂ ಒಮ್ಮೆ ನೆನೆಯಿರಿ. ಉತ್ತರಕುಮಾರ ನಗಿಸುವುದು ಹೆದರಿದ್ದಕ್ಕಲ್ಲ. ಅಂತಃಪುರದಲ್ಲಿ ಕೊಚ್ಚಿಕೊಂಡು, ಕೌರವಸೇನೆ ಕಂಡೊಡನೆ ರಥದಿಂದ ಧುಮುಕಿ ಓಡಿದ್ದಕ್ಕೆ. ನಿಮ್ಮ ಸರದಾರನಿಗೂ ಕೊಚ್ಚಿಕೊಳ್ಳಲು ಒಂದು ಸಭೆ ಬೇಕು.

ಪ್ರಶ್ನೆ: ‘ನೈಟ್’ ಎಂಬ ಪದವನ್ನು ಹಾಗೇ ಇಡಬಹುದೇ? ಭಾಷೆ ಗ್ರಾಂಥಿಕವಿರಲಿ ಎಂದು ಕೆಲವರು, ಆಡುಮಾತಿರಲಿ ಎಂದು ಕೆಲವರು ಹೇಳುತ್ತಿದ್ದಾರೆ.

ಉತ್ತರ: ಬರೆದಾಗ ತೊಂದರೆಯಿಲ್ಲ, ಕೇಳಿದಾಗ ಇದೆ. ‘ನೈಟ್ ಬಂತು’, ‘ನೈಟ್ ಬಂದ’ ಎರಡರ ನಡುವೆ ಕಿವಿಗೆ ಇರುವ ಅಂತರ ಒಂದೇ ಅಕ್ಷರ. ಆ ಪದದ ಮೇಲೆ ಒಂದೇ ಒಂದು ಶ್ಲೇಷೆ ಆಡಿ ಮುಗಿಸಿ, ಉಳಿದೆಡೆ ‘ಸರದಾರ’ ಎನ್ನಿ.

ಗ್ರಾಂಥಿಕ, ಆಡುಮಾತು ಎರಡೂ ಬೇಕು, ಆದರೆ ಬೆರೆಸಿ ಅಲ್ಲ. ಸಭೆಯಲ್ಲಿ ‘ಎಲೈ ಕ್ಷುದ್ರನೇ’ ಎನ್ನುವ ಸರದಾರ ಭಯವಾದಾಗ ಒಂದೊಂದೇ ಮೆಟ್ಟಿಲು ಇಳಿದು ‘ಅಯ್ಯಪ್ಪಾ, ನನ್ನ ಬಿಟ್ಬಿಡ್ರೋ’ ಎಂಬಲ್ಲಿಗೆ ಬರಲಿ. ಅವನ ಭಾಷೆಯೇ ಅವನ ಜ್ವರಮಾಪಕ. ಊಳಿಗದ ಹುಡುಗನ ಸಂಬೋಧನೆಯನ್ನೂ ಹೀಗೆಯೇ ದುಡಿಸಿಕೊಳ್ಳಿ. ಎರಡು ಕಂತಿನವರೆಗೆ ‘ತಾವು’, ಆಮೇಲೆ ‘ನೀವು’, ಸೇತುವೆ ಕುಸಿಯುವಾಗ ‘ಏಯ್, ಬಾರೋ ಈಕಡೆ!’, ದಡ ಸೇರಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು ‘ತಾವು ಬಂದದ್ದು ಸಂತೋಷ’. ನಗು ಬರುವುದು ಈ ಕೊನೆಯ ‘ತಾವು’ವಿಗೆ.

ಪ್ರಶ್ನೆ: ಒಂದು ಕಂತು ಎಷ್ಟು ಉದ್ದವಿರಬೇಕು?

ಉತ್ತರ: ಹಾಸ್ಯಕ್ಕೆ 15ರಿಂದ 20 ನಿಮಿಷ ಸಾಕು, ಅದರೊಳಗೆ ನಾಲ್ಕೈದು ದೃಶ್ಯ. ಪುಟಕ್ಕೆ ಒಂದು ನಿಮಿಷ ಎಂಬ ಇಂಗ್ಲಿಷ್ ಹಸ್ತಪ್ರತಿಯ ಲೆಕ್ಕ ಕನ್ನಡಕ್ಕೆ ಕೂಡಿಬರುವುದಿಲ್ಲ, ನಮ್ಮ ಒಂದು ಪದದಲ್ಲಿ ಅವರ ನಾಲ್ಕು ಪದ ಅಡಗಿರುತ್ತವೆ. ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ ಅಳೆಯಿರಿ, ಸದ್ದು ಮತ್ತು ಮೌನಗಳಿಗೆಂದು ಐದರಲ್ಲೊಂದು ಪಾಲು ಸೇರಿಸಿ.

ಪ್ರಶ್ನೆ: ಕೇಳಿದವರಿಗೆ ಯಾರು ಯಾರೆಂದೇ ಗೊತ್ತಾಗಲಿಲ್ಲ. ದೃಶ್ಯದಲ್ಲಿ ಆರು ಪಾತ್ರಗಳಿವೆ, ಎಲ್ಲರೂ ಚೆನ್ನಾಗಿಯೇ ಅಭಿನಯಿಸಿದ್ದಾರೆ.

ಉತ್ತರ: ಅಭಿನಯದ ದೋಷವಲ್ಲ, ಹಂಚಿಕೆಯದು. ಕಿವಿ ಒಂದು ಹೊತ್ತಿಗೆ ಮೂರು ಅಪರಿಚಿತ ದನಿಗಳನ್ನು ಹಿಡಿದಿಟ್ಟುಕೊಂಡರೆ ಹೆಚ್ಚು. ಆರು ಜನ ಇರಲೇಬೇಕೆಂದರೆ ಮೂವರಿಗೆ ಮಾತು, ಮಿಕ್ಕವರಿಗೆ ಒಂದೊಂದು ಸದ್ದು: ಒಬ್ಬ ಸದಾ ಏನನ್ನೋ ಅಗಿಯುತ್ತಿರುತ್ತಾನೆ, ಇನ್ನೊಬ್ಬನ ಬೂಟಿನಲ್ಲಿ ನೀರು ತುಂಬಿದೆ.

ಪಾತ್ರ ಹಂಚುವಾಗ ನಟರನ್ನು ಎದುರು ಕೂರಿಸಿಕೊಂಡು ನೋಡಬೇಡಿ, ಬೆನ್ನು ಹಾಕಿ ಕುಳಿತು ಕೇಳಿ. ಶ್ರುತಿಗಿಂತ ವೇಗ ಮುಖ್ಯ. ಒಬ್ಬ ಗಡಿಬಿಡಿಯವ, ಒಬ್ಬ ಎಳೆದೆಳೆದು ಆಡುವವ ಆದರೆ ಇಬ್ಬರ ಕಂಠ ಒಂದೇ ಆಗಿದ್ದರೂ ಗೊಂದಲವಾಗದು. ಹೆಸರುಗಳ ಮೊದಲ ಅಕ್ಷರ ಬೇರೆಬೇರೆ ಇರಲಿ. ದೃಶ್ಯ ಶುರುವಾದ ಮೂರ್ನಾಲ್ಕು ಮಾತಿನೊಳಗೆ ಪ್ರತಿಯೊಬ್ಬರ ಹೆಸರೂ ಇನ್ನೊಬ್ಬರ ಬಾಯಲ್ಲಿ ಒಮ್ಮೆ ಬರಲಿ. ಇನ್ನೊಂದು ಮಾತು: ಧ್ವನಿನಾಟಕದಲ್ಲಿ ಅರ್ಧ ನಿಮಿಷ ಸುಮ್ಮನಿದ್ದ ಪಾತ್ರ ಕೋಣೆಯಿಂದ ಹೊರಗೆ ಹೋದಂತೆಯೇ. ಅದನ್ನು ಕೊರತೆ ಎಂದುಕೊಳ್ಳಬೇಡಿ. ಎಲ್ಲರೂ ವೀರರ ಪಟ್ಟಿ ಮಾಡುತ್ತಿರುವಾಗ ನಿಮ್ಮ ಸರದಾರ ಸದ್ದಿಲ್ಲದೆ ಕಿಟಕಿ ಹತ್ತಿರಲಿ, ಆ ಕಿಟಕಿ ಕಿರ್ರೆಂದಾಗಲೇ ಅವನೂ ಅಲ್ಲಿದ್ದ ಎಂಬುದು ಕೇಳುಗನಿಗೆ ನೆನಪಾಗಲಿ.

ಪ್ರಶ್ನೆ: ಕವಚ, ಕತ್ತಿ, ಕುದುರೆ ಮೂರರ ಸದ್ದನ್ನೂ ಮನೆಯಲ್ಲೇ ಮಾಡಲು ಸಾಧ್ಯವೇ? ಸಿದ್ಧ ಸದ್ದುಗಳನ್ನು ಹಾಕಿದರೆ ಎಲ್ಲವೂ ಬೇರೆ ಯಾವುದೋ ನಾಟಕದ್ದು ಅನ್ನಿಸುತ್ತಿದೆ.

ಉತ್ತರ: ಹಾಗೆ ಅನ್ನಿಸುವುದು ಸಹಜ. ಸಿದ್ಧ ಸದ್ದಿನಲ್ಲಿ ಯಾರದೋ ನಡಿಗೆ ಇರುತ್ತದೆ, ನಿಮ್ಮ ಸರದಾರನ ಅಂಜಿಕೆ ಇರುವುದಿಲ್ಲ. ಮಳೆ, ಗಾಳಿ, ಜನಜಂಗುಳಿಗೆ ಸಿದ್ಧ ಸದ್ದು ನಡೆಯುತ್ತದೆ. ಪಾತ್ರದ ಮೈಗೆ ಅಂಟಿಕೊಂಡದ್ದನ್ನು ಕೈಯಿಂದಲೇ ಮಾಡಿ.

ಕವಚಕ್ಕೆ ಎರಡು ಪದರ ಬೇಕು. ಮೊದಲನೆಯದು ಮೈಯ ಒಟ್ಟು ಅಲುಗಾಟ: ದಪ್ಪ ಚರ್ಮದ ಬೆಲ್ಟೊಂದಕ್ಕೆ ಎಂಟು ಹತ್ತು ಸ್ಟೀಲ್ ಚಮಚ, ಒಂದು ಬೀಗದ ಕೈ ಗೊಂಚಲು ಕಟ್ಟಿ, ಅದನ್ನು ತೊಡೆಗೆ ಒತ್ತಿ ಹಿಡಿದು ಹೆಜ್ಜೆಗೆ ತಕ್ಕಂತೆ ಕುಲುಕಿ. ತೂಗುಬಿಟ್ಟರೆ ಗೆಜ್ಜೆಯಂತೆ ಕೇಳುತ್ತದೆ, ಒತ್ತಿ ಹಿಡಿದರಷ್ಟೇ ಭಾರ ಬರುತ್ತದೆ. ಎರಡನೆಯದು ಕೀಲಿನ ಸದ್ದು: ಎಣ್ಣೆ ಕಾಣದ ಬಾಗಿಲ ಕೀಲು, ಅಥವಾ ಎರಡು ಬೇಕಿಂಗ್ ತಟ್ಟೆಗಳ ಅಂಚನ್ನು ಒಂದಕ್ಕೊಂದು ಉಜ್ಜಿದ್ದು. ಈ ಕಿರುಗುಟ್ಟುವಿಕೆಯೇ ನಿಮ್ಮ ಹಾಸ್ಯದ ಬಂಡವಾಳ, ಇದನ್ನು ಬೇರೆ ಟ್ರ್ಯಾಕಿನಲ್ಲಿಡಿ. ಸರದಾರ ‘ನನಗೇನೂ ಭಯವಿಲ್ಲ’ ಎನ್ನುತ್ತಿರುವಾಗ ಚಮಚಗಳು ಸಣ್ಣಗೆ ನಡುಗಬೇಕು. ‘ನಡುಗುತ್ತಿದ್ದೀರಾ?’ ಎಂದು ಇನ್ನೊಬ್ಬರು ಕೇಳಿಬಿಟ್ಟರೆ ಆಟ ಕೆಟ್ಟಿತು, ಕೇಳುಗನಿಗೇ ಬಿಡಿ. ಮೈಕ್‌ನಿಂದ ಸುಮಾರು ಒಂದು ಮೀಟರ್ ದೂರ ನಿಂತು ಧ್ವನಿಮುದ್ರಿಸಿ, ಹತ್ತಿರವಾದಷ್ಟೂ ಅಡುಗೆಮನೆ ನೆನಪಾಗುತ್ತದೆ.

ಕುದುರೆಗೆ ಕರಟವೇ ಸರಿ, ಅದಕ್ಕೆ ಸಾಟಿಯಿಲ್ಲ. ಒಂದು ತೆಂಗಿನಕಾಯಿಯ ಎರಡು ಹೋಳು, ನಾರು ತೆಗೆದು ಒಣಗಿಸಿದ್ದು. ತಗ್ಗಾದ ಟ್ರೇಯಲ್ಲಿ ಎರಡು ಬೆರಳಷ್ಟು ಮಣ್ಣು ಹರಡಿ ಬಡಿದರೆ ಕಾಡುದಾರಿ, ಸಣ್ಣ ಜಲ್ಲಿಯಾದರೆ ಕೋಟೆಯ ಅಂಗಳ. ಕರಟದೊಳಗೆ ಬಟ್ಟೆ ತುರುಕಿದರೆ ಹುಲ್ಲುಗಾವಲು. ತಪ್ಪಾಗುವುದು ಸಾಮಾನ್ಯವಾಗಿ ಲಯದಲ್ಲಿ. ನಡಿಗೆಯಲ್ಲಿ ಸಮ ಅಂತರದ ನಾಲ್ಕು ಪೆಟ್ಟು. ಕುಕ್ಕುಲೋಟದಲ್ಲಿ (ಟ್ರಾಟ್) ಎರಡೇ, ಎದುರು ಮೂಲೆಯ ಕಾಲುಗಳು ಜೊತೆಯಾಗಿ ಬೀಳುವುದರಿಂದ. ನಾಗಾಲೋಟಕ್ಕೆ ಮುಂಚಿನ ಹದವಾದ ಓಟದಲ್ಲಿ ಮೂರು ಪೆಟ್ಟು, ಆಮೇಲೆ ಒಂದು ಖಾಲಿ. ಪೂರ್ತಿ ನಾಗಾಲೋಟ ಮತ್ತೆ ನಾಲ್ಕು, ಆದರೆ ಒತ್ತೊತ್ತಾಗಿ, ಕೊನೆಯಲ್ಲಿ ಕುದುರೆ ಗಾಳಿಯಲ್ಲಿರುವ ಗಳಿಗೆ. ಬರೀ ಟಕ್ ಟಕ್ ಎಂದು ಏಕತಾಳದಲ್ಲಿ ಬಡಿದು ವೇಗ ಹೆಚ್ಚಿಸಿದರೆ ಟೈಪ್‌ರೈಟರ್ ಆಗುತ್ತದೆ. ಸವಾರನಿಗಿಂತ ಕುದುರೆಗೇ ಉತ್ಸಾಹ ಎಂದು ತೋರಿಸಬೇಕೆ? ಸರದಾರ ‘ನಿಧಾನ, ನಿಧಾನ’ ಎಂದಾಗಲೆಲ್ಲ ನಾಲ್ಕು ಪೆಟ್ಟಿನಿಂದ ಮೂರಕ್ಕೆ ಜಾರಿಸಿ.

ಕತ್ತಿ ಒರೆಯಿಂದ ಹೊರಬರುವಾಗ ಕೇಳುವ ಆ ‘ಶೀಂಗ್’ ನಿಜದಲ್ಲಿ ಇಲ್ಲ. ಒರೆ ಮರದ್ದು, ಮೇಲೆ ಚರ್ಮ. ಕತ್ತಿ ಸರ್ರನೆ ಜಾರುತ್ತದೆ ಅಷ್ಟೆ. ಆದರೂ ಕೇಳುಗನ ಕಿವಿ ಅದನ್ನೇ ಕಾಯುತ್ತದೆ. ಅದಕ್ಕೇ ವೀರರ ಕತ್ತಿಗಳಿಗೆಲ್ಲ ‘ಶೀಂಗ್’ ಕೊಡಿ (ಚಾಕುವಿನ ಬೆನ್ನನ್ನು ಸ್ಟೀಲ್ ಸೌಟಿನ ಅಂಚಿನ ಮೇಲೆ ಎಳೆಯಿರಿ, ಅಲಗನ್ನಲ್ಲ), ನಮ್ಮವನ ಕತ್ತಿ ಮಾತ್ರ ಅರ್ಧಕ್ಕೆ ಸಿಕ್ಕಿಹಾಕಿಕೊಂಡು ತುಕ್ಕಿನ ಗೊರಗೊರ ಎನ್ನಲಿ.

ಪ್ರಶ್ನೆ: ಕವಚ ತೊಟ್ಟವನನ್ನು ರಾಟೆ ಕಟ್ಟಿ ಕುದುರೆ ಮೇಲೆ ಎತ್ತಿ ಕೂರಿಸುವ ದೃಶ್ಯ ಬರೆದಿದ್ದೇನೆ. ಸರಿಯೇ?

ಉತ್ತರ: ಹಾಗೆ ನಡೆಯುತ್ತಿತ್ತು ಎಂಬುದು ಕಟ್ಟುಕತೆ. ಯುದ್ಧದ ಪೂರ್ತಿ ಲೋಹಕವಚ 15ರಿಂದ 25 ಕಿಲೋ, ಅದೂ ಮೈಯೆಲ್ಲ ಹಂಚಿಹೋಗಿರುತ್ತದೆ. ಅಭ್ಯಾಸ ಇದ್ದವನು ತಾನೇ ಹತ್ತುತ್ತಾನೆ. ಆದರೆ ದೃಶ್ಯವನ್ನು ಹರಿದುಹಾಕಬೇಡಿ. ಹತ್ತಲು ಬರುತ್ತದೆ ಎಂಬುದನ್ನು ಮುಚ್ಚಿಟ್ಟು ರಾಟೆಯೇ ಬೇಕೆಂದು ಹಟ ಹಿಡಿದವನಾದರೆ ನಿಮ್ಮ ಸರದಾರನಿಗೆ ಅರ್ಧ ದಿನ ಉಳಿತಾಯ.

ಪ್ರಶ್ನೆ: ಓದುವಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಧ್ವನಿಮುದ್ರಿಸಿ, ಸಂಕಲನ ಮಾಡಿದ ಮೇಲೆ ಅದೇ ಜೋಕುಗಳು ಸಪ್ಪೆ. ಏಕೆ?

ಉತ್ತರ: ಮೂರು ಕಾರಣಗಳಲ್ಲಿ ಒಂದಿರುತ್ತದೆ, ಎಷ್ಟೋ ಸಲ ಮೂರೂ.

ನಟರನ್ನು ಒಬ್ಬೊಬ್ಬರಾಗಿ ಬೇರೆಬೇರೆ ದಿನ ಮುದ್ರಿಸಿಕೊಂಡಿದ್ದರೆ ಮಾತಿಗೆ ಮಾತು ತಾಗುವುದಿಲ್ಲ. ಹಾಸ್ಯದಲ್ಲಿ ಉತ್ತರ ಪ್ರಶ್ನೆಯ ಬಾಲ ತುಳಿದೇ ಬರಬೇಕು. ಸರದಾರ ಮತ್ತು ಊಳಿಗದ ಹುಡುಗ, ಇವರಿಬ್ಬರನ್ನಾದರೂ ಒಂದೇ ಕೋಣೆಯಲ್ಲಿ, ಎರಡು ಮೈಕ್ ಇಟ್ಟು, ಎದುರುಬದುರು ನಿಲ್ಲಿಸಿ. ಬಾಯಿಗೂ ಮೈಕ್‌ಗೂ ಎಷ್ಟು ಅಂತರವೋ ಅದರ ಮೂರು ಪಟ್ಟಾದರೂ ಮೈಕ್‌ಗಳ ನಡುವೆ ಇರಲಿ, ಒಬ್ಬರ ದನಿ ಇನ್ನೊಬ್ಬರ ಮೈಕ್‌ಗೆ ಸೋರುವುದು ಕಡಿಮೆಯಾಗುತ್ತದೆ.

ಎರಡನೆಯದು ಗೇಟ್. ಸದ್ದಿಲ್ಲದ ಜಾಗವನ್ನು ತಾನಾಗಿ ಕತ್ತರಿಸುವ ಈ ಸಾಧನ ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚು ಕೆಡುಕು ಮಾಡುತ್ತದೆ. ನಮ್ಮ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ, ಮಾತಿನ ಕೊನೆಯ ಆ ಮೆತ್ತನೆಯ ‘ಉ’, ‘ಎ’ಗಳನ್ನು ಗೇಟ್ ಗದ್ದಲವೆಂದು ತಿಳಿದು ನುಂಗುತ್ತದೆ. ಅದನ್ನು ತೆಗೆದುಹಾಕಿ, ಗದ್ದಲವಿದ್ದಲ್ಲಿ ಕೈಯಿಂದಲೇ ತಗ್ಗಿಸಿ. ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ಮುದ್ರಿಸಿಟ್ಟುಕೊಂಡಿರಿ. ವಿರಾಮಗಳಿಗೆ ಅದನ್ನೇ ತುಂಬಬೇಕು. ಪೂರ್ತಿ ನಿಶ್ಶಬ್ದ ಇಟ್ಟರೆ ಫೋನ್ ಕಟ್ಟಾಯಿತೇನೋ ಎನ್ನಿಸುತ್ತದೆ.

ಮೂರನೆಯದು, ಜೋಕು ಬಿದ್ದ ಜಾಗದಲ್ಲೇ ಸಂಗೀತ ಶುರುವಾಗುವುದು. ಕೇಳುಗನಿಗೆ ಅರ್ಥವಾಗಲು ಅರ್ಧ ಸೆಕೆಂಡು, ನಗಲು ಒಂದು ಸೆಕೆಂಡು ಬಿಟ್ಟುಕೊಡಿ.

ಕನ್ನಡಕ್ಕೇ ಸಿಕ್ಕ ವರವೊಂದಿದೆ, ಅದನ್ನು ಯಾರೂ ಸಾಕಷ್ಟು ಬಳಸುತ್ತಿಲ್ಲ. ನಮ್ಮಲ್ಲಿ ಹೌದೋ ಅಲ್ಲವೋ ಎಂಬುದು ಕ್ರಿಯಾಪದದ ಬಾಲದಲ್ಲಿರುತ್ತದೆ. ‘ಹೊರಡು’ ಎಂಬಷ್ಟರಲ್ಲಿ ‘ಹೊರಡುತ್ತೇನೆ’, ‘ಹೊರಡುವುದಿಲ್ಲ’ ಎರಡೂ ಕೂತಿವೆ. ಸರದಾರ ಧೈರ್ಯ ಮಾಡಿ ರಾಜನೆದುರು ನಿಜ ಹೇಳಲು ಬಾಯಿ ತೆರೆಯಲಿ:

ಸರದಾರ: ಮಹಾಪ್ರಭು, ಏನೇ ಆಗಲಿ, ನಾನು ನಾಳೆ ಬೆಳಿಗ್ಗೆ ಹೊರಡು—
(ಶಿರಸ್ತ್ರಾಣದ ಮುಖಮುಚ್ಚಳ ಖಣಲ್ಲನೆ ಬೀಳುತ್ತದೆ. ಒಳಗಿನಿಂದ ಗುಡುಗುಡು ಗೊಣಗು.)
ರಾಜ: ಹೊರಡುತ್ತಾನಂತೆ! ಕಹಳೆ ಊದಿ!

ಈ ಮುಚ್ಚಳಕ್ಕೆ ಭಾರದ ಪಾತ್ರೆಯೊಂದರ ಮುಚ್ಚಳವನ್ನು ಬಟ್ಟೆ ಹಾಸಿದ ಮೇಜಿನ ಮೇಲೆ ಬೀಳಿಸಿದರೆ ಸಾಕು. ಬರಿ ಮೇಜಾದರೆ ಗುಂಯ್‌ಗುಟ್ಟುವುದು ನಿಲ್ಲದೆ ರಾಜನ ಮಾತನ್ನು ಮುಚ್ಚುತ್ತದೆ. ಎಂಟು ಕಂತಿನಲ್ಲಿ ಮೂರು ಸಲ ಬಳಸಿ, ನಾಲ್ಕನೆಯ ಸಲ ಮುಚ್ಚಳ ಬೀಳದೇ ಇರಲಿ: ಆಗ ಅವನ ಬಾಯಿಂದ ಪೂರ್ತಿ ಮಾತು, ಅದೂ ‘ಹೊರಡುತ್ತೇನೆ’ ಎಂದು, ಬರಬಹುದು. ನಾಟಕದ ತಿರುವಿಗೆ ಬೇರೆ ಭಾಷಣ ಬೇಕಾಗದು.

ಪ್ರಶ್ನೆ: ಶಿರಸ್ತ್ರಾಣದ ಒಳಗಿನ ದನಿ ಹೇಗೆ ಮಾಡುವುದು? ಡ್ರ್ಯಾಗನ್ ದನಿ?

ಉತ್ತರ: ಶಿರಸ್ತ್ರಾಣಕ್ಕೆ ಸ್ಟೀಲ್ ಡಬ್ಬಿಯೊಂದನ್ನು ಬಾಯಿಯ ಮುಂದೆ ಓರೆಯಾಗಿ ಹಿಡಿದು ಮಾತಾಡಿಸಿ. ಸಂಕಲನದಲ್ಲೇ ಮಾಡುವುದಾದರೆ 10 ಮಿಲಿಸೆಕೆಂಡಿನ ಆಸುಪಾಸಿನ ಒಂದು ಸಣ್ಣ ಮರುದನಿ ಸೇರಿಸಿ, 5 ಕಿಲೋಹರ್ಟ್ಸ್ ಮೇಲಿನದನ್ನು ತಗ್ಗಿಸಿ. 2ರಿಂದ 4 ಕಿಲೋಹರ್ಟ್ಸ್ ನಡುವೆ ಕೈ ಹಾಕಬೇಡಿ, ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲೇ. ಎರಡು ಮೂರು ವಾಕ್ಯ ಆದ ಮೇಲೆ ಪರಿಣಾಮವನ್ನು ಮೆಲ್ಲಗೆ ಅರ್ಧಕ್ಕೆ ಇಳಿಸಿ. ಯಾರಿಗೂ ಗೊತ್ತಾಗುವುದಿಲ್ಲ, ಮಾತು ಅರ್ಥವಾಗುತ್ತದೆ.

ಡ್ರ್ಯಾಗನ್ ಗರ್ಜನೆಗೆ ಮನುಷ್ಯನ ಕೂಗು, ಒರಟು ನೆಲದಲ್ಲಿ ಎಳೆದ ಭಾರದ ಮೇಜು ಎರಡನ್ನೂ ಮುದ್ರಿಸಿ ಅರ್ಧ ವೇಗಕ್ಕೆ ಇಳಿಸಿ. ಶ್ರುತಿ ಒಂದು ಸ್ಥಾಯಿ ಕೆಳಗೆ ಹೋಗುತ್ತದೆ, ಉದ್ದ ಇಮ್ಮಡಿಯಾಗುತ್ತದೆ. ರೆಕ್ಕೆಗೆ ಕೊಡೆಯನ್ನು ಪಟಪಟನೆ ಬಿಚ್ಚಿ ಮಡಿಸಿ. ಬೆಂಕಿಗೆ ತಿಂಡಿ ಪೊಟ್ಟಣದ ಗರಿಗರಿ ಹಾಳೆಯನ್ನು ಮೈಕ್ ಹತ್ತಿರ ಮೆಲ್ಲಗೆ ಹಿಸುಕಿ. ಆದರೆ ಡ್ರ್ಯಾಗನ್ ಮಾತಾಡುವುದಿದ್ದರೆ ಈ ಉಪಕರಣಗಳನ್ನೆಲ್ಲ ಪಕ್ಕಕ್ಕಿಡಿ. ಭಯಾನಕ ಗರ್ಜನೆಯ ನಂತರ ಕೇಳಿಬರುವ ಸಾದಾ, ಸ್ವಲ್ಪ ದಣಿದ, ವಿನಯದ ದನಿಗಿಂತ ನಗೆಯದು ಇನ್ನೊಂದಿಲ್ಲ.

ಪ್ರಶ್ನೆ: ಕಾಳಗದ ದೃಶ್ಯದಲ್ಲಿ ‘ಅಯ್ಯೋ, ಗದೆ ಎತ್ತಿದೆಯಾ! ಎಡಕ್ಕೆ ತಿರುಗಿದೆಯಾ!’ ಎಂಬಂಥ ಮಾತುಗಳು ತುಂಬಿಹೋಗಿವೆ. ಬೇರೆ ದಾರಿ?

ಉತ್ತರ: 1924ರ ಜನವರಿ 15ರಂದು ಬಿಬಿಸಿ ಪ್ರಸಾರ ಮಾಡಿದ, ರೇಡಿಯೋಗೆಂದೇ ಬರೆದ ಮೊದಲ ನಾಟಕಗಳಲ್ಲೊಂದರಲ್ಲಿ ರಿಚರ್ಡ್ ಹ್ಯೂಸ್ ಪಾತ್ರಗಳನ್ನು ದೀಪ ಆರಿದ ಕಲ್ಲಿದ್ದಲ ಗಣಿಯೊಳಗೆ ನಿಲ್ಲಿಸಿದ. ಕೇಳುಗನಂತೆ ಅವರಿಗೂ ಏನೂ ಕಾಣದು, ಹಾಗಾಗಿ ಮಾತಾಡಿದ್ದೆಲ್ಲ ಸಹಜ. ನೂರು ವರ್ಷದ ಹಳೆಯ ಉಪಾಯ, ಇಂದಿಗೂ ಹರಿತ. ಗುಹೆಯಲ್ಲಿ ಪಂಜು ಆರಲಿ. ಅಥವಾ ಸರದಾರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ‘ಈಗ ಏನಾಗ್ತಿದೆ?’ ಎಂದು ಹುಡುಗನನ್ನು ಕೇಳುತ್ತಲೇ ಕಾದಲಿ. ಆಗ ವಿವರಣೆಯೇ ಹಾಸ್ಯವಾಗುತ್ತದೆ.

ಪೆಟ್ಟುಗಳ ಸಂಖ್ಯೆ ಇಳಿಸಿ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಬರೀ ಖಣಖಣ ಬಂದರೆ ಕಿವಿ ಅದನ್ನು ಮಳೆಯಂತೆ ಹಿನ್ನೆಲೆಗೆ ತಳ್ಳಿಬಿಡುತ್ತದೆ. ಒಂದು ಪೆಟ್ಟು, ಏದುಸಿರು, ಒಂದು ಮಾತು, ಜಾರುವ ಹೆಜ್ಜೆ, ಮತ್ತೊಂದು ಪೆಟ್ಟು. ಉಸಿರನ್ನು ಮಾತಿನೊಡನೆಯೇ ಮುದ್ರಿಸಿ: ನಟ ನಿಂತಲ್ಲೇ ಹತ್ತು ಬಾರಿ ಕುಳಿತೆದ್ದು ಆಮೇಲೆ ಮಾತಾಡಲಿ, ನಟನೆಯ ಏದುಸಿರು ಮೈಕ್‌ನಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಕಿರುಚಿದಲ್ಲೆಲ್ಲ ದನಿ ಒಡೆಯುತ್ತದೆ, ಪಿಸುಮಾತು ಕೇಳುವುದೇ ಇಲ್ಲ. ಭಟ್ಟಂಗಿಯ ಹೊಗಳಿಕೆಯಲ್ಲಿ ಡಬ್ ಡಬ್ ಎಂಬ ಸದ್ದು ಬೇರೆ.

ಉತ್ತರ: 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿ. ಸಾಮಾನ್ಯ ಮಾತಿನ ಏರು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ, ಸೊನ್ನೆಯೇ ಅದರ ತುದಿ. ಸೊನ್ನೆ ಮುಟ್ಟಿ ಒಡೆದದ್ದನ್ನು ಆಮೇಲೆ ಸರಿಪಡಿಸಲು ಹೋಗುವುದಕ್ಕಿಂತ ಮತ್ತೊಮ್ಮೆ ಆಡಿಸುವುದೇ ಲೇಸು. ಬಾಯಿಗೂ ಮೈಕ್‌ಗೂ ಒಂದು ಗೇಣು. ಕಿರುಚುವ ಮಾತನ್ನು ಮಾತ್ರ ಪ್ರತ್ಯೇಕವಾಗಿ, ಎರಡು ಹೆಜ್ಜೆ ಹಿಂದೆ ಸರಿದು, ಮುಖ ಓರೆ ಮಾಡಿ ಮುದ್ರಿಸಿ. ಪಿಸುಮಾತಿಗೆ ತೀರಾ ಹತ್ತಿರ ಬಂದರೆ ತಗ್ಗು ಸ್ವರ ಉಬ್ಬಿ ಗುಮ್ಮೆನ್ನುತ್ತದೆ. ಪಿಸುಮಾತನ್ನು ನಿಜವಾಗಿ ಪಿಸುಗುಟ್ಟದೆ ತುಸು ದನಿ ಸೇರಿಸಿ ಆಡಿಸಿ.

ಭಟ್ಟಂಗಿಯ ತೊಂದರೆಗೆ ಕಾರಣ ಅಕ್ಷರಗಳೇ. ‘ಭೂಪಾಲ, ಪರಾಕ್ರಮಿ, ಭುಜಬಲಭೀಮ’ ಎಂಬಲ್ಲಿ ಪ, ಬ, ಭಗಳ ಗಾಳಿ ನೇರ ಮೈಕ್‌ಗೆ ಬಡಿಯುತ್ತದೆ. ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಜಾಲರಿ) ಹಾಕಿ, ಜೊತೆಗೆ ಮೈಕನ್ನು ಬಾಯಿಯ ನೇರದಿಂದ ಸುಮಾರು 30 ಡಿಗ್ರಿ ಪಕ್ಕಕ್ಕೆ ಸರಿಸಿ. ಗೋಡೆಯ ಮಾರ್ದನಿಗೆ ನಟನ ಬೆನ್ನ ಹಿಂದೆ ದಪ್ಪ ರಜಾಯಿ ತೂಗುಹಾಕಿ. ಮೈಕ್ ನೋಡುತ್ತಿರುವುದು ಅತ್ತ ಕಡೆಯನ್ನೇ, ಅದಕ್ಕೆ ಹಿಂದಿನ ಗೋಡೆ ಮುಖ್ಯ. ಕೋಟೆಯ ಮಾರ್ದನಿಯನ್ನು ಆಮೇಲೆ ಸೇರಿಸಬಹುದು, ಮಲಗುವ ಕೋಣೆಯದನ್ನು ತೆಗೆಯಲಾಗದು.

ಪ್ರಶ್ನೆ: ಹೆಡ್‌ಫೋನಿನಲ್ಲಿ ಚೆನ್ನಾಗಿದೆ, ಫೋನಿನಲ್ಲಿ ಕೇಳಿದರೆ ಡ್ರ್ಯಾಗನ್ನೇ ಮಾಯ.

ಉತ್ತರ: ಡ್ರ್ಯಾಗನ್ನನ್ನು ಹಿಗ್ಗಿಸಲು ಸ್ಟೀರಿಯೋ ಅಗಲ ಮಾಡುವ ಪರಿಣಾಮ ಹಾಕಿರುತ್ತೀರಿ. ಎಡಬಲಗಳು ಒಂದೇ ಸ್ಪೀಕರಿನಲ್ಲಿ ಕೂಡಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ. ಜೊತೆಗೆ ಚಿಕ್ಕ ಸ್ಪೀಕರಿಗೆ ತಗ್ಗು ಸ್ವರ ನುಡಿಯುವ ಶಕ್ತಿಯೂ ಇಲ್ಲ. ಅಗಲ ಮಾಡುವುದನ್ನು ತೆಗೆದು, ಗರ್ಜನೆಗೆ ಮಧ್ಯಮ ಶ್ರುತಿಯ ಒಂದು ಪದರ (ಗಂಟಲು ಕೆರೆತ ಸಾಕು) ಸೇರಿಸಿ. ಮಾತುಗಳನ್ನು ನಡುವಿನಲ್ಲೇ ಇಡಿ, ಎಡಬಲಕ್ಕೆ ಸ್ವಲ್ಪವೇ ಸರಿಸಿ. ಮಾತಿನಡಿಯ ಸಂಗೀತ ಮಾತಿಗಿಂತ 15ರಿಂದ 20 ಡೆಸಿಬೆಲ್ ಕೆಳಗಿರಲಿ. ಒಟ್ಟು ಗಟ್ಟಿತನ ಸ್ಟೀರಿಯೋಗೆ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ), ಮೋನೋಗೆ ಮೈನಸ್ 19, ಅತಿ ಏರು ಮೈನಸ್ 1 ಡೆಸಿಬೆಲ್ ದಾಟದಿರಲಿ. ಕೊನೆಯ ಪರೀಕ್ಷೆಯನ್ನು ಫೋನಿನ ಸ್ಪೀಕರಿನಲ್ಲಿ, ಫ್ಯಾನ್ ಹಾಕಿಕೊಂಡೇ ಮಾಡಿ. ಚಮಚಗಳ ಆ ಸಣ್ಣ ನಡುಕ ಆಗಲೂ ಕೇಳಿಸದಿದ್ದರೆ ಎರಡು ಡೆಸಿಬೆಲ್ ಎತ್ತಿ.